ಫೈರ್ ಎಂಜಿನ್ ಬರುವ ತನಕ

ಕಳೆದ ವರ್ಷದ ಸಂಚಿಕೆಯಲ್ಲಿ ಊರಿನಿಂದ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುವ ಮಾತ್ರೆಗಳ ಬಗ್ಗೆ ಬರೆದಿದ್ದೆವು. ಅದನ್ನು ಓದಿದ ಕೆಲವರು ಸಂಘದ ಯುಗಾದಿ ಊಟದ ಪಂಕ್ತಿಯಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿ, ‘ಮುಂದಿನ ಸಲ ಮಂಡಿನೋವಿನ ಬಗ್ಗೆ ಬರೆಯಿರಿ’ ಎಂದಿದ್ದರು. ಬರೆಯುವ ಮನಸ್ಸೂ ಇತ್ತು. ಅಷ್ಟರಲ್ಲಿ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಕಡಾಯಿಗೆ ಬೆಂಕಿ ಹತ್ತಿತು. ಮಂಡಿನೋವು ಇನ್ನೊಂದು ವರ್ಷ ಕಾಯಲಿ.

ಅದ್ಲಿಯಾ ಎಂದರೆ ಹೊರಗಿನವರಿಗೆ ಬಣ್ಣದ ದೀಪದ ಹೋಟೆಲುಗಳು, ಚಿತ್ರ ಪ್ರದರ್ಶನದ ಗ್ಯಾಲರಿಗಳು. ಅದರ ಹಿಂದಿನ ಗಲ್ಲಿಗಳಲ್ಲಿ ನಮ್ಮಂಥವರ ಹಳೆಯ ಕಟ್ಟಡಗಳಿವೆ. ನಾಲ್ಕು ಮಹಡಿ, ಒಂದೇ ಮೆಟ್ಟಿಲು. ಎರಡು ಸಂಸಾರಗಳು, ಉಳಿದದ್ದೆಲ್ಲ ಬ್ಯಾಚುಲರ್ ರೂಮು. ಗುರುವಾರ ರಾತ್ರಿ, ಮರುದಿನ ರಜೆ. ಮೂರನೇ ಮಹಡಿಯ ಹುಡುಗರು ಬಂಗುಡೆ ಹುರಿಯುತ್ತಿದ್ದರು. ಊರಿಂದ ಫೋನ್ ಬಂತೆಂದು ಒಬ್ಬ ಒಲೆ ಬಿಟ್ಟು ಬಾಲ್ಕನಿಗೆ ಹೋದ. ಎಣ್ಣೆ ಕಾದು ಹೊತ್ತಿಕೊಂಡಿತು. ಇನ್ನೊಬ್ಬ ಓಡಿ ಬಂದು ಒಂದು ಮಗ್ ನೀರು ಸುರಿದ.

ಹೊತ್ತಿದ ಎಣ್ಣೆಗೆ ನೀರು ಸುರಿದರೆ ಏನಾಗುತ್ತದೆ ಎಂದು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೀರು ಎಣ್ಣೆಗಿಂತ ಭಾರ. ತಳಕ್ಕೆ ಇಳಿದು ಕ್ಷಣದಲ್ಲಿ ಆವಿಯಾಗುತ್ತದೆ. ಆವಿಗೆ ನೀರಿನ ಸಾವಿರದಾರುನೂರು ಪಟ್ಟು ಜಾಗ ಬೇಕು, ಅದು ಉರಿಯುವ ಎಣ್ಣೆಯನ್ನೆಲ್ಲ ಹೊತ್ತುಕೊಂಡೇ ಮೇಲೆ ಹಾರುತ್ತದೆ. ಅಡುಗೆಮನೆಯ ಸೂರಿನವರೆಗೆ ಜ್ವಾಲೆ ಎದ್ದಿತಂತೆ. ಹುಡುಗನ ಬಲಗೈ ಮೊಣಕೈವರೆಗೆ ಸುಟ್ಟಿತು. ಪರದೆ ಹೊತ್ತಿತು, ಹೊಗೆ ಮೆಟ್ಟಿಲಿಗೆ ಬಂತು.

ನಾವೆಲ್ಲ ಬೀದಿಗೆ ಇಳಿದೆವು. ಲುಂಗಿಯಲ್ಲಿದ್ದವರು, ನೈಟಿಯಲ್ಲಿದ್ದವರು, ಬರಿಗಾಲವರು, ಒಟ್ಟು ಮೂವತ್ತು ಜನ ಇರಬಹುದು. 999ಕ್ಕೆ ಫೋನ್ ಮಾಡಿದವರು ಮೂರು ಜನ. ಅತ್ತ ಕಡೆಯವರು ಕೇಳಿದ್ದು ಮೂರೇ ಸಂಖ್ಯೆ: ಕಟ್ಟಡ, ರಸ್ತೆ, ಬ್ಲಾಕ್. ಹತ್ತು ವರ್ಷದಿಂದ ಅದೇ ಕಟ್ಟಡದಲ್ಲಿರುವವರೂ ಹೇಳುತ್ತಿದ್ದುದು ‘ಆ ಕೋಲ್ಡ್ ಸ್ಟೋರ್ ಎದುರು’ ಎಂದು! ಕೊನೆಗೆ ಯಾರೋ ಕರೆಂಟ್ ಬಿಲ್ಲಿನ ಫೋಟೋ ಮೊಬೈಲಿನಲ್ಲಿ ಹುಡುಕಿ ಓದಿದರು.

ಸಿವಿಲ್ ಡಿಫೆನ್ಸ್‌ನವರು ಬಂದರು, ಬೇಗನೇ ಬಂದರು. ಅವರ ಕೆಲಸ ನೋಡುವಂಥದು. ಆದರೆ ಅವರಲ್ಲಿ ಹಿರಿಯರೊಬ್ಬರು ಮೆಟ್ಟಿಲು ಹತ್ತುವ ಮೊದಲು ನಮ್ಮ ಗುಂಪಿನತ್ತ ತಿರುಗಿ ಹಿಂದಿಯಲ್ಲಿ ಒಂದು ಪ್ರಶ್ನೆ ಕೇಳಿದರು: ‘ಎಲ್ಲರೂ ಕೆಳಗೆ ಬಂದಿದ್ದಾರಾ?’

ಮೂವತ್ತು ಜನರಲ್ಲಿ ಒಬ್ಬರ ಬಾಯಿಂದಲೂ ಉತ್ತರ ಬರಲಿಲ್ಲ. ಎಷ್ಟು ಜನ ಇದ್ದೇವೆ ಎಂದೇ ನಮಗೆ ಗೊತ್ತಿರಲಿಲ್ಲ.

ಒಬ್ಬರು ಬಂದಿರಲಿಲ್ಲ. ಎರಡನೇ ಮಹಡಿಯಲ್ಲಿ ರಾತ್ರಿ ಪಾಳಿಗೆ ಹೋಗಬೇಕಾಗಿದ್ದ ಹಾವೇರಿ ಕಡೆಯವರು ಎ.ಸಿ. ಹಾಕಿ, ಬಾಗಿಲಿಗೆ ಒಳಚಿಲಕ ಹಾಕಿ ಮಲಗಿದ್ದರು. ಬಾಗಿಲು ಬಡಿದು ಅವರನ್ನು ಕರೆತಂದರು. ಅವರಿಗೆ ಏನೂ ಆಗಲಿಲ್ಲ. ಬೆಂಕಿ ಅಡುಗೆಮನೆಯಲ್ಲೇ ಆರಿತು. ಆದರೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ.

ಕಾರ್ಕಳದ ಬದಿಯ ನಮ್ಮ ಹಳ್ಳಿಯಲ್ಲಿ ಅಜ್ಜಿಯ ಕಾಲಕ್ಕೆ ಹೆಚ್ಚಿನವು ಮುಳಿಹುಲ್ಲಿನ ಮನೆಗಳು. ಬೇಸಿಗೆಯಲ್ಲಿ ಒಂದು ಕಿಡಿ ಸಾಕು. ಬೆಂಕಿ ಬಿದ್ದರೆ ಮೊದಲು ಕಂಡವರು ‘ಕೂ’ ಹಾಕಬೇಕು, ಕೇಳಿದವರು ಅದನ್ನೇ ಮುಂದಿನ ಮನೆಗೆ ಕೂಗಬೇಕು. ಹೆಂಗಸರು ಬಾವಿಯಿಂದ ಸಾಲಾಗಿ ನಿಂತು ಕೊಡಪಾನ ದಾಟಿಸುವುದು, ಗಂಡಸರು ಅಡಿಕೆ ಕೊಯ್ಯುವ ದೋಟಿಯಿಂದ ಹೊತ್ತಿದ ಮಾಡನ್ನು ಎಳೆದು ಕೆಡಹುವುದು, ಪಕ್ಕದ ಮನೆಯ ಮಾಡಿನ ಮೇಲೆ ಒದ್ದೆ ಗೋಣಿ ಹಾಸುವುದು. ಹಟ್ಟಿಗೆ ಓಡಿ ದನದ ಹಗ್ಗ ಕೊಯ್ಯುವುದಕ್ಕೆ ಒಬ್ಬ. ಮಕ್ಕಳನ್ನೂ ಮುದುಕರನ್ನೂ ಒಂದು ಮರದ ಕೆಳಗೆ ಕೂರಿಸಿ ಎಣಿಸುವುದಕ್ಕೆ ಒಬ್ಬಳು. ಎಣಿಸುವ ಕೆಲಸ ನಮ್ಮ ಅಜ್ಜಿಯದಾಗಿತ್ತಂತೆ. ‘ನನಗೆ ಲೆಕ್ಕ ಬರುವುದಿಲ್ಲ, ಆದರೆ ಯಾರು ಇಲ್ಲ ಅಂತ ಗೊತ್ತಾಗ್ತದೆ’ ಎನ್ನುತ್ತಿದ್ದರು. ಸಮವಸ್ತ್ರವಿಲ್ಲ, ಸಂಬಳವಿಲ್ಲ, ರಿಜಿಸ್ಟರಿಲ್ಲ. ಅದು ಅಗ್ನಿಶಾಮಕ ದಳವೇ.

ಮುಂದೆ ಹಂಚು ಬಂತು. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಕೆಂಪು ಮಾಡುಗಳು ಮೊದಲು ಪೇಟೆಗೆ, ನಿಧಾನಕ್ಕೆ ಹಳ್ಳಿಗೆ ಹಬ್ಬಿದವು. ಮಾಡಿಂದ ಮಾಡಿಗೆ ಬೆಂಕಿ ಹಾರುವುದು ನಿಂತಿತು. ಅದರ ಜೊತೆಗೇ ‘ಕೂ’ ಹಾಕುವ ಅಭ್ಯಾಸವೂ ಹೋಯಿತೆಂದು ನಮ್ಮ ಅನುಮಾನ.

ಬೇರೆ ದೇಶಗಳಲ್ಲಿ ಈ ಅಭ್ಯಾಸಕ್ಕೆ ಹೆಸರು, ನಿಯಮ, ಕಟ್ಟಡ ಎಲ್ಲ ಬಂತು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1736ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಅವರ ಗೆಳೆಯರು ಯೂನಿಯನ್ ಫೈರ್ ಕಂಪನಿ ಎಂಬ ಸ್ವಯಂಸೇವಕರ ದಳ ಕಟ್ಟಿದರು. ಸದಸ್ಯರು ತಮ್ಮ ಖರ್ಚಿನಲ್ಲೇ ಚರ್ಮದ ಬಕೆಟ್‌ಗಳನ್ನೂ, ಸಾಮಾನು ತುಂಬಿ ಹೊರತರಲು ಗಟ್ಟಿ ಬಟ್ಟೆಯ ಚೀಲಗಳನ್ನೂ ಇಟ್ಟುಕೊಳ್ಳಬೇಕು. ತಿಂಗಳಿಗೊಂದು ಸಭೆ. ತಪ್ಪಿಸಿಕೊಂಡವರಿಗೆ ದಂಡ. ಆ ದಂಡದ ದುಡ್ಡಿನಿಂದಲೇ ಏಣಿ, ಕೊಕ್ಕೆ, ನೀರು ಹಾರಿಸುವ ಯಂತ್ರ ಕೊಂಡರು ಎಂದು ಫ್ರಾಂಕ್ಲಿನ್ ಬರೆದಿಟ್ಟಿದ್ದಾರೆ. ಸಭೆಗೆ ಬಾರದ ಸದಸ್ಯರಿಂದ ಒಂದು ಊರು ಉಳಿಯಬಹುದು ಎಂಬುದು ನಮ್ಮ ಸಂಘದ ಖಜಾಂಚಿಗಳೂ ಗಮನಿಸಬೇಕಾದ ಮಾತು! ದಕ್ಷಿಣ ಅಮೆರಿಕದ ಚಿಲಿಯ ಕಥೆ ಇನ್ನೂ ಸೋಜಿಗದ್ದು. ವಾಲ್ಪರೈಸೊ ಎಂಬ ಬಂದರು ಊರಿನಲ್ಲಿ 1851ರಲ್ಲಿ ಶುರುವಾದ ಸ್ವಯಂಸೇವಕ ದಳದ ಪದ್ಧತಿ ಇಂದಿಗೂ ದೇಶದ ತುಂಬ ನಡೆದಿದೆ. ಅಲ್ಲಿ ಬೆಂಕಿ ಆರಿಸುವವರು ಸಂಬಳ ತೆಗೆದುಕೊಳ್ಳುವುದಿಲ್ಲ, ತಾವೇ ದಳಕ್ಕೆ ವಂತಿಗೆ ಕೊಡುತ್ತಾರೆ.

ನಮ್ಮ ದೇಶದಲ್ಲಿ ದಾರಿ ಬೇರೆಯಾಯಿತು. ಬೆಂಕಿ ಆರಿಸುವುದು ಸರ್ಕಾರದ ನೌಕರರ ಕೆಲಸವಾಯಿತು. ಅವರು ಎಂಥ ಬೆಲೆ ಕೊಟ್ಟಿದ್ದಾರೆ ಎಂಬುದಕ್ಕೆ ಮುಂಬಯಿಯೇ ಸಾಕ್ಷಿ. 1944ರ ಏಪ್ರಿಲ್ 14ರಂದು ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ ಮತ್ತು ಸಿಡಿಮದ್ದು ಎರಡನ್ನೂ ಹೊತ್ತಿದ್ದ ಫೋರ್ಟ್ ಸ್ಟಿಕಿನ್ ಹಡಗು ಸ್ಫೋಟಗೊಂಡಾಗ 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಪ್ರತಿ ವರ್ಷ ಆ ದಿನ ಅಗ್ನಿಶಾಮಕ ಸೇವಾ ದಿನ. ಕರ್ನಾಟಕಕ್ಕೆ, ಆಗ ಇನ್ನೂ ಮೈಸೂರು ರಾಜ್ಯ, ತನ್ನದೇ ಅಗ್ನಿಶಾಮಕ ಕಾಯ್ದೆ ಬಂದದ್ದು 1964ರಲ್ಲಿ.

ಸ್ವಯಂಸೇವಕರು ಪೂರ್ತಿ ಮಾಯವಾಗಲಿಲ್ಲ. ಗೃಹರಕ್ಷಕ ದಳ ಎಂದರೆ ನಮಗೆಲ್ಲ ಗೊತ್ತು. 1946ರ ಡಿಸೆಂಬರ್ 6ರಂದು ಮುಂಬಯಿ ಪ್ರಾಂತ್ಯದಲ್ಲಿ ಹುಟ್ಟಿ, 1962ರ ಚೀನಾ ಯುದ್ಧದ ನಂತರ ಎಲ್ಲ ರಾಜ್ಯಗಳಿಗೆ ಹರಡಿದ್ದು. ನಾವು ಚಿಕ್ಕವರಿದ್ದಾಗ ನಮ್ಮ ಪೇಟೆಯ ಟೈಲರ್ ಒಬ್ಬರು ಜಾತ್ರೆಯ ದಿನ ಮಾತ್ರ ಖಾಕಿ ಹಾಕಿ, ಲಾಠಿ ಹಿಡಿದು, ತಮ್ಮದೇ ಗಿರಾಕಿಗಳನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ನಾವು ನಗುತ್ತಿದ್ದೆವು. ಒಂದು ಬೇಸಿಗೆಯಲ್ಲಿ ಕಟ್ಟಿಗೆ ಡಿಪೋಕ್ಕೆ ಬೆಂಕಿ ಬಿದ್ದು ಫೈರ್ ಎಂಜಿನ್ ದೂರದಿಂದ ಬರಬೇಕಾಗಿದ್ದಾಗ, ಜನರನ್ನು ಬದಿಗೆ ಸರಿಸಿ, ರಸ್ತೆ ಖಾಲಿ ಮಾಡಿಸಿ, ಪಕ್ಕದ ಮನೆಗಳ ಗ್ಯಾಸ್ ಸಿಲಿಂಡರುಗಳನ್ನು ಹೊರಗೆ ಇಡಿಸಿದವರು ಅದೇ ಟೈಲರ್. ಬೆಂಕಿಗೆ ಅವರು ಒಂದು ತಂಬಿಗೆ ನೀರೂ ಹಾಕಲಿಲ್ಲ. ಇನ್ನೂರು ಜನ ಗದ್ದಲ ಮಾಡುತ್ತಿದ್ದಾಗ ಏನು ಮಾಡಬೇಕೆಂದು ತಿಳಿದಿದ್ದವರು ಅವರೊಬ್ಬರೇ.

ಗದ್ದಲದ ಮಾತು ಬಂದರೆ ಗಲ್ಫ್‌ನಲ್ಲಿರುವ ನಮ್ಮ ಕರಾವಳಿಯವರಿಗೆ ನೆನಪಾಗುವ ದಿನ ಒಂದೇ. 2010ರ ಮೇ 22, ಶನಿವಾರ. ದುಬೈಯಿಂದ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬೆಳಗ್ಗೆ ಆರು ಗಂಟೆ ದಾಟಿದ ಹೊತ್ತಿಗೆ ಬಜಪೆಯ ರನ್‌ವೇ ಮೀರಿ ಹೋಗಿ ಕೆಂಜಾರಿನ ಕಣಿವೆಗೆ ಬಿದ್ದು ಹೊತ್ತಿಕೊಂಡಿತು. ಇದ್ದವರು 166 ಜನ, ಉಳಿದವರು 8. ಅವರೆಲ್ಲ ನಮ್ಮ ಹಾಗೇ ರಜೆಗೆ, ಮದುವೆಗೆ, ಮಣ್ಣಿಗೆ ಹೊರಟವರು.

ಗುಡ್ಡದ ತುದಿಯ ರನ್‌ವೇ, ಕೆಳಗೆ ಕಡಿದಾದ ಇಳಿಜಾರು, ಕಿರಿದಾದ ಹಳ್ಳಿ ದಾರಿ. ದೊಡ್ಡ ಫೈರ್ ಎಂಜಿನ್‌ಗಳು ಅಲ್ಲಿಗೆ ತಲುಪುವುದು ಕಷ್ಟವಾಯಿತು. ಮೊದಲು ಓಡಿ ಬಂದವರು ಸುತ್ತಲಿನ ಊರಿನವರು. ವಿಮಾನ ಒಡೆದ ಜಾಗದಿಂದ ಜಿಗಿದು ಬಂದವರನ್ನು ಹಿಡಿದು ಆಸ್ಪತ್ರೆಯ ದಾರಿ ಹತ್ತಿಸಿದವರು ಅವರೇ. ಅವರಿಗೆ ಎಷ್ಟು ಕೈ ಮುಗಿದರೂ ಸಾಲದು. ಆದರೆ ಅದೇ ದಿನ ಇನ್ನೊಂದು ಸಂಗತಿಯೂ ನಡೆಯಿತು. ಹೊತ್ತೇರಿದಂತೆ ನೋಡಲೆಂದೇ ಸಾವಿರಾರು ಜನ ಬಂದರು. ಆಂಬುಲೆನ್ಸ್ ಹೋಗಬೇಕಾದ ದಾರಿಯಲ್ಲಿ ಜನ, ಬೈಕು, ಮೊಬೈಲು. ಕೈ ಕೊಟ್ಟವರೂ ದಾರಿ ಕಟ್ಟಿದವರೂ ಒಂದೇ ಊರಿನವರು, ಬಹುಶಃ ಒಂದೇ ಮನೆಯವರೂ ಇದ್ದಾರು. ಅವರಲ್ಲಿ ಕೆಡುಕರು ಯಾರೂ ಇಲ್ಲ. ಯಾರು ಏನು ಮಾಡಬೇಕೆಂದು ಮೊದಲೇ ಮಾತಾಗಿರಲಿಲ್ಲ, ಅಷ್ಟೇ.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರ ಮಳೆಯ ರಾತ್ರಿ, ದುಬೈಯಿಂದಲೇ ಬಂದ ಇನ್ನೊಂದು ವಿಮಾನ ಕರಿಪ್ಪೂರಿನ ರನ್‌ವೇ ದಾಟಿ ಕೆಳಗೆ ಬಿತ್ತು. ಅದೂ ಗುಡ್ಡದ ಮೇಲಿನ ರನ್‌ವೇ. ಕೊರೋನಾ ಕಾಲ, ಮುಟ್ಟಿದರೆ ರೋಗ ಎಂದು ಜಗತ್ತೇ ಹೆದರಿದ್ದ ದಿನಗಳು. ಅಲ್ಲಿಯೂ ಸುತ್ತಲಿನವರು ಮಕ್ಕಳನ್ನು ಎದೆಗೆ ಅವಚಿಕೊಂಡು ಆಸ್ಪತ್ರೆಗೆ ಓಡಿದರು. ವಿಮಾನಕ್ಕೆ ಬೆಂಕಿ ಹತ್ತಲಿಲ್ಲ. 190 ಜನರಲ್ಲಿ 21 ಜನ ತೀರಿಕೊಂಡರು.

ಕೇರಳ ಅಷ್ಟರಲ್ಲೇ ಒಂದು ಕೆಲಸ ಶುರು ಮಾಡಿತ್ತು. 2018ರ ಮಹಾನೆರೆಯಲ್ಲಿ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಯಲ್ಲಿ ಹೇರಿಕೊಂಡು ಬಂದು ಜನರನ್ನು ಉಳಿಸಿದ್ದನ್ನು ನೋಡಿ, ಅಗ್ನಿಶಾಮಕ ಇಲಾಖೆಯ ಕೆಳಗೆ ಸಿವಿಲ್ ಡಿಫೆನ್ಸ್ ಎಂಬ ಸ್ವಯಂಸೇವಕ ಪಡೆ ಕಟ್ಟಿದರು. ಒಂದೊಂದು ಫೈರ್ ಸ್ಟೇಷನ್ನಿಗೆ 50 ಜನ ಎಂಬ ಲೆಕ್ಕ. ಅಂದರೆ ನಮ್ಮ ಕಾಸರಗೋಡು, ಉಪ್ಪಳದ ಕಡೆಯ ಅಂಗಡಿಯವರು, ಡ್ರೈವರುಗಳು, ಗಲ್ಫ್‌ನಿಂದ ವಾಪಸಾದವರು ಕೂಡ ತರಬೇತಿ ಪಡೆದು, ಸಂಬಳದ ಸಿಬ್ಬಂದಿಯ ಜೊತೆ ನಿಲ್ಲಬಹುದು. ಸಣ್ಣ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳ ಎಂದು ನಮ್ಮವರಲ್ಲಿ ಯಾವುದನ್ನಾದರೂ ಕರೆಯುವುದಾದರೆ ಇದನ್ನೇ ಕರೆಯಬೇಕು. ಕರ್ನಾಟಕದಲ್ಲಿಯೂ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ಶೌರ್ಯ’ ವಿಪತ್ತು ನಿರ್ವಹಣಾ ಘಟಕಗಳಿವೆ. ಕೇಂದ್ರದ ‘ಆಪದಾ ಮಿತ್ರ’ ಯೋಜನೆ 2016ರಲ್ಲಿ ಶುರುವಾಗಿದೆ. ಊರಿಗೆ ಹೋದಾಗ ವಿಚಾರಿಸಿ. ರಜೆಯಲ್ಲಿ ಮಾಡಲು ಕೆಲಸವಿಲ್ಲದೆ ಮನೆಯವರಿಂದ ಬೈಸಿಕೊಳ್ಳುವವರಿಗೆ ಒಳ್ಳೆಯ ದಾರಿ.

ಇಲ್ಲಿಯ ಮಾತಿಗೆ ಬರೋಣ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಗುದೈಬಿಯಾದಲ್ಲಿ 2006ರ ಜುಲೈಯಲ್ಲಿ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದು 16 ಜನ ಭಾರತೀಯರು ಸತ್ತರು. 2013ರ ಜನವರಿಯಲ್ಲಿ ಮನಾಮದಲ್ಲಿ ಇನ್ನೊಂದು ಕಟ್ಟಡ, 13 ಜನ. 2024ರ ಜೂನ್ 12ರ ನಸುಕಿನಲ್ಲಿ ಕುವೈತಿನ ಮಂಗಫ್‌ನಲ್ಲಿ ಸುಮಾರು 50 ಜನ, ಹೆಚ್ಚಿನವರು ನಮ್ಮ ದೇಶದವರು. ಮಂಗಫ್‌ನಲ್ಲಿ ಬೆಂಕಿ ಇದ್ದದ್ದು ನೆಲಮಹಡಿಯಲ್ಲಿ. ಹೊಗೆ ಮೆಟ್ಟಿಲು ತುಂಬಿತು. ಮೇಲೆ ಓಡಿದವರಿಗೆ ತಾರಸಿಯ ಬಾಗಿಲು ಬೀಗ ಹಾಕಿ ಸಿಕ್ಕಿತು.

ಇಂಥ ಬೆಂಕಿಯಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆಯಿಂದ ಸಾಯುವವರೇ ಹೆಚ್ಚು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮಲಗಿದವರು ಏಳುವುದೇ ಇಲ್ಲ. ಆದ್ದರಿಂದ ಹೊಗೆಯಲ್ಲಿ ನಿಂತು ಓಡಬೇಡಿ, ನೆಲದ ಹತ್ತಿರ ಬಗ್ಗಿ ಬನ್ನಿ. ಹೊರಗೆ ಬರಲಾಗದಿದ್ದರೆ ಬಾಗಿಲು ಮುಚ್ಚಿ, ಅದರ ಸಂದಿಗೆ ಒದ್ದೆ ಟವೆಲ್ ತುರುಕಿ, ಕಿಟಕಿಯ ಬಳಿ ನಿಂತು ಕೂಗಿ. ಲಿಫ್ಟ್ ಬೇಡ.

ಸುಟ್ಟ ಕೈಯ ಹುಡುಗನಿಗೆ ನಾವು ಬೀದಿಯಲ್ಲಿ ಸಿಕ್ಕಿದೆವು. ಅಷ್ಟರಲ್ಲಿ ಯಾರೋ ಅವನ ಕೈಗೆ ಟೂತ್‌ಪೇಸ್ಟ್ ಮೆತ್ತಿದ್ದರು. ಓದುಗರೇ, ದಮ್ಮಯ್ಯ, ಟೂತ್‌ಪೇಸ್ಟ್ ಬೇಡ. ಇಂಕು, ಅರಿಶಿನ, ಬೆಣ್ಣೆ, ಐಸು ಯಾವುದೂ ಬೇಡ. ಇಪ್ಪತ್ತು ನಿಮಿಷ ತಣ್ಣನೆಯ ಹರಿಯುವ ನೀರು, ಆಮೇಲೆ ಸ್ವಚ್ಛ ಬಟ್ಟೆ ಅಥವಾ ಅಡುಗೆಯ ಕ್ಲಿಂಗ್ ಫಿಲ್ಮ್ ಸಡಿಲಾಗಿ ಹೊದಿಸಿ ಆಸ್ಪತ್ರೆ. ಬಿಳಿ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮು ಎಲ್ಲರ ಮನೆಯಲ್ಲೂ ಇರುತ್ತದೆ, ಅದನ್ನೂ ಡಾಕ್ಟರು ಗಾಯ ನೋಡುವ ಮುಂಚೆ ಹಚ್ಚಬೇಡಿ. ಬಿಳಿ ಪದರದ ಕೆಳಗೆ ಸುಟ್ಟದ್ದು ಎಷ್ಟು ಆಳ ಎಂದು ಅವರಿಗೆ ಕಾಣುವುದಿಲ್ಲ. ಇನ್ನು, ಜುಲೈ ತಿಂಗಳಲ್ಲಿ ಇಲ್ಲಿ ನಲ್ಲಿಯ ನೀರೇ ಕುದಿಯುತ್ತಿರುತ್ತದಲ್ಲ, ಆಗ? ನಾವೆಲ್ಲ ಸ್ನಾನಕ್ಕೆ ಮಾಡುವ ಉಪಾಯವೇ: ಬೇಸಿಗೆಯಲ್ಲಿ ಗೀಸರ್ ಆರಿಸಿಟ್ಟರೆ ಅದರೊಳಗಿನ ನೀರು ತಾರಸಿಯ ಟ್ಯಾಂಕಿನ ನೀರಿಗಿಂತ ತಂಪು. ಇಲ್ಲವೇ ಕುಡಿಯುವ ನೀರಿನ ದೊಡ್ಡ ಬಾಟಲಿ ತೆಗೆದು ಸುರಿಯಿರಿ.

ಬೆಂಕಿ ಆರಿದ ಮೇಲಿನ ಶುಕ್ರವಾರ ನಮ್ಮ ಮನೆಯಲ್ಲಿ ಐದು ಜನ ಕೂತೆವು. ಕುಂದಾಪುರದ ಹೋಟೆಲ್ ಅಡುಗೆಯವರು, ಒಬ್ಬ ಎಲೆಕ್ಟ್ರಿಷಿಯನ್, ಎಣ್ಣೆಗೆ ನೀರು ಸುರಿದ ಹುಡುಗ ಬ್ಯಾಂಡೇಜ್ ಕೈಯಲ್ಲಿ, ಹಾವೇರಿಯ ರಾತ್ರಿ ಪಾಳಿಯವರು, ನಾವು.

‘ಎಂಥ ಮಾರಾಯ್ರೆ, ಡಾಕ್ಟ್ರು ಈಗ ಫೈರ್ ಸರ್ವಿಸ್ ಶುರು ಮಾಡ್ತಾರಾ?’ ಎಂದರು ಅಡುಗೆಯವರು. ನಾವು ಡಾಕ್ಟರಲ್ಲ, ಡಿಪ್ಲೊಮಾ ಎಂದು ನೂರು ಸಲ ಹೇಳಿಯಾಗಿದೆ.

‘ಹೆಸರು ಗಿಸರು ಬ್ಯಾಡ್ರೀ ಸರ,’ ಎಂದರು ಹಾವೇರಿಯವರು. ‘ನಾನು ಮಲಗಿದ್ರ ಎಬ್ಬಸೋರು ಯಾರು ಅನ್ನೋದಷ್ಟ ಬರೀರಿ.’

ಅಷ್ಟನ್ನೇ ಬರೆದೆವು. ಹೆಸರಿಡದ್ದೂ ಒಳ್ಳೆಯದೇ. ಈ ದೇಶದಲ್ಲಿ ಅನುಮತಿ ಇಲ್ಲದೆ ಸಂಘ, ದಳ, ಬ್ಯಾಡ್ಜು ಅಂತ ಹೊರಡುವಂತಿಲ್ಲ, ಬೆಂಕಿಯೊಳಗೆ ನುಗ್ಗುವ ಕೆಲಸವೂ ನಮ್ಮದಲ್ಲ, ಅದಕ್ಕೆ ಸಿವಿಲ್ ಡಿಫೆನ್ಸ್ ಇದೆ. ನಾವು ಮಾಡಿದ್ದು ಇಷ್ಟು. ಪ್ರತಿ ಫ್ಲ್ಯಾಟಿನ ಬಾಗಿಲ ಒಳಬದಿಗೆ ಕಟ್ಟಡ, ರಸ್ತೆ, ಬ್ಲಾಕ್ ಸಂಖ್ಯೆ ಮತ್ತು 999 ಬರೆದ ಚೀಟಿ, ಕನ್ನಡದಲ್ಲಿ, ಮಲಯಾಳದಲ್ಲಿ, ಬಂಗಾಳಿಯಲ್ಲಿ. ಮಹಡಿಗೆ ಒಬ್ಬರು, ಅವರ ಕೆಲಸ ಬಾಗಿಲು ಬಡಿಯುವುದು, ಕೆಳಗೆ ಬಂದು ಎಣಿಸುವುದು. ಯಾರು ಯಾವ ಪಾಳಿ ಎಂಬ ಪಟ್ಟಿ ಪ್ರತಿ ತಿಂಗಳು ಹೊಸದು, ಏಕೆಂದರೆ ನಮ್ಮಲ್ಲಿ ಜನ ಬದಲಾಗುತ್ತಲೇ ಇರುತ್ತಾರೆ. ಒಂದೊಂದು ಅಡುಗೆಮನೆಯಲ್ಲೂ ಕಡಾಯಿಗೆ ಸರಿಯಾದ ಮುಚ್ಚಳ: ಎಣ್ಣೆ ಹೊತ್ತಿದರೆ ಗ್ಯಾಸ್ ಆರಿಸಿ, ಮುಚ್ಚಳ ಹಾಕಿ, ಮುಟ್ಟದೆ ಬಿಡಬೇಕು. ಮೆಟ್ಟಿಲಲ್ಲಿದ್ದ ಸೈಕಲ್ಲು, ಹಳೆ ಹಾಸಿಗೆ, ಒಡೆದ ವಾಷಿಂಗ್ ಮೆಷಿನ್ ಹೊರಗೆ. ವಾಷಿಂಗ್ ಮೆಷಿನ್‌ಗೆ ಯಾರೂ ವಾರಸುದಾರರಿರಲಿಲ್ಲ, ಹೊರಗಿಟ್ಟ ಮೇಲೆ ಇಬ್ಬರು ಬಂದರು!

ಮೆಟ್ಟಿಲಿನ ಬೆಂಕಿ ಆರಿಸುವ ಸಿಲಿಂಡರನ್ನು ಎಲೆಕ್ಟ್ರಿಷಿಯನ್ ಕೆಳಗಿಳಿಸಿ ನೋಡಿದಾಗ ಮುಳ್ಳು ಹಸಿರಿನಲ್ಲಿರಲಿಲ್ಲ, ಕೆಂಪಿನಲ್ಲಿತ್ತು. ಅದು ಎಷ್ಟು ವರ್ಷದಿಂದ ಹಾಗೆ ತೂಗುತ್ತಿತ್ತೋ, ನಾವು ದಿನಾ ಅದರ ಪಕ್ಕದಲ್ಲೇ ಹತ್ತಿ ಇಳಿದವರು. ಹೊಸದು ಬಂದ ದಿನ ಎಲ್ಲರನ್ನೂ ಸೇರಿಸಿ ಹೇಳಿಕೊಟ್ಟರು: ಪಿನ್ ಎಳೆಯಿರಿ, ಬೆಂಕಿಯ ಬುಡಕ್ಕೆ ಗುರಿ ಇಡಿ, ಹಿಡಿ ಒತ್ತಿ, ಆಚೀಚೆ ಬೀಸಿ. ಸಣ್ಣ ಸಿಲಿಂಡರಿನ ಪುಡಿ ಹತ್ತು ಹದಿನೈದು ಸೆಕೆಂಡಿಗೆ ಮುಗಿಯುತ್ತದೆ. ಅಷ್ಟರಲ್ಲಿ ಆರದಿದ್ದರೆ ಸಿಲಿಂಡರ್ ಬಿಸಾಡಿ ಹೊರಗೆ ಓಡಿ. ಬೆನ್ನು ಯಾವಾಗಲೂ ಬಾಗಿಲ ಕಡೆಗಿರಲಿ.

ಜಗಳವಾದದ್ದು ತಾರಸಿಯ ಕೀಲಿಗಾಗಿ. ಮೇಲೆ ಹೋಗಿ ಬೀಡಿ ಸಿಗರೇಟು ಸೇದುತ್ತಾರೆ, ಬಟ್ಟೆ ಕದಿಯುತ್ತಾರೆ ಎಂದು ಕಟ್ಟಡದ ಕಾವಲುಗಾರ ಬೀಗ ಹಾಕಿ ಕೀಲಿ ತನ್ನ ಬಳಿಯೇ ಇಟ್ಟುಕೊಂಡಿದ್ದ. ಅವನ ಮಾತಿನಲ್ಲೂ ನಿಜ ಇತ್ತು, ಕದ್ದವರು ನಮ್ಮಲ್ಲೇ ಇದ್ದರು. ಮೂರು ಶುಕ್ರವಾರ ಮಾತು ನಡೆಯಿತು. ಮಂಗಫ್‌ನ ಸುದ್ದಿ ಅವನಿಗೂ ಗೊತ್ತಿತ್ತು. ಕೊನೆಗೆ ಒಳಗಿನಿಂದ ಚಿಲಕ, ಹೊರಗಿನಿಂದ ಏನೂ ಇಲ್ಲ ಎಂದು ಒಪ್ಪಂದವಾಯಿತು. ಈಗ ಆಗಾಗ ಒಂದೊಂದು ಬನಿಯನ್ ಕಾಣೆಯಾಗುತ್ತದೆ.

ತಿಂಗಳ ಮೊದಲ ಶುಕ್ರವಾರ ಸಭೆ. ತಪ್ಪಿಸಿಕೊಂಡವರು ಎಲ್ಲರಿಗೂ ಕರಕ್ ಚಾಯ್ ಕುಡಿಸಬೇಕು, ಫ್ರಾಂಕ್ಲಿನ್ ಹೇಳಿಕೊಟ್ಟ ಪಾಠ. ಈ ಸಲದ ದಂಡ ನಮ್ಮದೇ, ಆಸ್ಪತ್ರೆಯಲ್ಲಿ ಸ್ಟಾಕ್ ಎಣಿಕೆ ಇತ್ತು. ಸುಟ್ಟ ಕೈಯ ಹುಡುಗ ಈಗ ಮೂರನೇ ಮಹಡಿಯ ಎಣಿಸುವವನು. ಕೈ ವಾಸಿಯಾಗಿದೆ, ಮಣಿಕಟ್ಟಿನ ಹತ್ತಿರ ಚರ್ಮ ಸ್ವಲ್ಪ ಬಿಗಿ ಇದೆ. ಹೋದ ತಿಂಗಳು ಸುಳ್ಳೇ ಒಂದು ಸಲ ಎಲ್ಲರನ್ನೂ ಕೆಳಗಿಳಿಸಿ ನೋಡಿದೆವು. ನಾಲ್ಕು ನಿಮಿಷ ಹಿಡಿಯಿತು. ಅವನು ತನ್ನ ಮಹಡಿಯ ಹನ್ನೊಂದು ಜನರನ್ನು ಎಣಿಸಿ, ಮತ್ತೆ ಎಣಿಸಿ, ‘ಒಬ್ಬರು ಕಮ್ಮಿ’ ಎಂದ. ಎಲ್ಲರೂ ಮೇಲೆ ನೋಡಿದೆವು. ಆಮೇಲೆ ಗೊತ್ತಾಯಿತು, ಅವನು ತನ್ನನ್ನು ಎಣಿಸಿರಲಿಲ್ಲ.